ಸ್ಪ್ರೇಯರ್ ಬ್ಯಾಟರಿ ಅರ್ಧಕ್ಕೇ ನಿಂತರೆ ದುರ್ಬಲ ಸೆಲ್ ಹುಡುಕುವುದು ಹೇಗೆ?

ಈ ವಾರ ಬೆಳೆಯ ವಿಷಯ ಅಲ್ಲ, ಬೆಳೆಗೆ ಸಿಂಪಡಿಸುವ ಪಂಪಿನ ವಿಷಯ.

ಮೊನ್ನೆ ಸಂಜೆ ಮೆಣಸಿನಕಾಯಿ ತಾಕಿಗೆ ಬೇವಿನೆಣ್ಣೆ ಹೊಡೆಯುತ್ತಿದ್ದೆ. ಥ್ರಿಪ್ಸ್‌ನಿಂದ ಎಲೆ ಮುಟುರು ಆಗಲೇ ಶುರುವಾಗಿತ್ತು. ಆರನೇ ಟ್ಯಾಂಕ್ ಮುಗಿಯುವಷ್ಟರಲ್ಲಿ ಪಂಪ್ ನಿಂತೇ ಹೋಯ್ತು. ಮೊದಲು ಇದೇ ಬ್ಯಾಟರಿ ಒಂದು ಚಾರ್ಜಿಗೆ ಹತ್ತು ಟ್ಯಾಂಕ್ ಓಡಿಸುತ್ತಿತ್ತು. ಅರ್ಧ ತಾಕು ಹಾಗೇ ಉಳೀತು.

ಇದು ನಾನೇ ಜೋಡಿಸಿದ ಪ್ಯಾಕ್. 3.2 ವೋಲ್ಟ್, 6 ಆಂಪಿಯರ್-ಅವರ್‌ನ 8 ಲಿಥಿಯಂ ಐರನ್ ಫಾಸ್ಫೇಟ್ ಸೆಲ್. ಎರಡೆರಡು ಪ್ಯಾರಲಲ್ ಮಾಡಿ ನಾಲ್ಕು ಜೋಡಿ, ಆ ನಾಲ್ಕು ಜೋಡಿ ಸೀರೀಸ್‌ನಲ್ಲಿ. ಒಟ್ಟು 12.8 ವೋಲ್ಟ್, ಜೊತೆಗೆ ಒಂದು ಬಿಎಂಎಸ್ ಬೋರ್ಡ್.

ಪರಿಚಯದ ಮೆಕ್ಯಾನಿಕ್ ಒಬ್ಬರು, "ಬಿಎಂಎಸ್ ತೆಗೆದು ಡೈರೆಕ್ಟ್ ಕೊಡ್ರಿ, ಓಡ್ತದೆ" ಅಂದರು. ಓಡುವುದೇನೋ ನಿಜ, ಆದರೆ ಹಾಗೆ ಮಾಡಲೇಬೇಡಿ. ಒಂದು ಜೋಡಿ ಖಾಲಿಯಾದರೂ ಉಳಿದ ಮೂರು ಅದರ ಮೂಲಕ ಕರೆಂಟ್ ಎಳೆಯುತ್ತಲೇ ಇರುತ್ತವೆ. ಅದು ಸೊನ್ನೆಗಿಂತ ಕೆಳಗಿಳಿದು ಒಳಗೇ ಹಾಳಾಗುತ್ತದೆ. ಆಮೇಲೆ ಚಾರ್ಜ್ ಮಾಡುವಾಗ ಬಿಸಿಯಾಗಿ ಅಪಾಯ ತರಬಹುದು. ಇದು ನಾವು ಬೆನ್ನಿಗೆ ಕಟ್ಟಿಕೊಳ್ಳೋ ವಸ್ತು, ನೆನಪಿರಲಿ.

ಚಾರ್ಜ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಮಲ್ಟಿಮೀಟರ್ ಹಿಡಿದರೆ 13.3 ವೋಲ್ಟ್, ಎಲ್ಲಾ ಸರಿಯೇ! ಈ ಸೆಲ್‌ಗಳ ವೋಲ್ಟೇಜ್ ಬಹುಪಾಲು ಸಮ ಇರುವುದರಿಂದ ಸುಮ್ಮನೆ ಇಟ್ಟು ಅಳೆದರೆ ರೋಗ ಗೊತ್ತಾಗಲ್ಲ. ಪಂಪ್ ಓಡುತ್ತಿರುವಾಗ ಮತ್ತು ಚಾರ್ಜ್ ಮುಗಿಯುವಾಗ ಪ್ರತಿ ಜೋಡಿಯನ್ನೂ ಬೇರೆಬೇರೆಯಾಗಿ ಅಳೆಯಬೇಕು. ಟ್ಯಾಂಕಿಗೆ ಬರೀ ನೀರು ತುಂಬಿ ಓಡಿಸಿ, ಸಾಕು.

ಆಗ ಮೂರರಲ್ಲಿ ಒಂದು ಕಾಣುತ್ತದೆ:

1. ಪಂಪ್ ಹಾಕಿದ ಕೂಡಲೇ ಒಂದು ಜೋಡಿ ಕುಸಿದು, ಆಫ್ ಮಾಡಿದ ತಕ್ಷಣ ಮೇಲೇರಿದರೆ ಒಳಗಿನ ರೆಸಿಸ್ಟೆನ್ಸ್ ಹೆಚ್ಚಿದೆ, ಇಲ್ಲವೇ ನಿಕ್ಕಲ್ ಪಟ್ಟಿಯ ಬೆಸುಗೆ ಬಿಟ್ಟಿದೆ. ಗೋಮೂತ್ರ, ಜೀವಾಮೃತ ಸೋರಿ ಪಟ್ಟಿ ತುಕ್ಕು ಹಿಡಿದಿದೆಯಾ ಮೊದಲು ನೋಡಿ.

2. ಚಾರ್ಜಿಂಗ್‌ನಲ್ಲಿ ಎಲ್ಲಕ್ಕಿಂತ ಹಿಂದುಳಿದು, ಬಳಸುವಾಗ ಮೊದಲು ಖಾಲಿಯಾದರೆ ಅದು ಅಸಮತೋಲನ. ಆ ಜೋಡಿಯನ್ನಷ್ಟೇ 3.65 ವೋಲ್ಟ್‌ನ ಸಿಂಗಲ್ ಸೆಲ್ ಚಾರ್ಜರ್‌ನಿಂದ ತುಂಬಿಸಿ. ಮತ್ತೆ ಹಿಂದುಳಿದರೆ ಸೆಲ್ ತಾನಾಗಿ ಸೋರುತ್ತಿದೆ, ಬದಲಿಸಿ.

3. ಉಳಿದವುಗಳ ಜೊತೆಗೋ ಮೊದಲೋ ತುಂಬಿ, ಮೊದಲೇ ಖಾಲಿಯಾದರೆ ಸೆಲ್‌ನ ಸಾಮರ್ಥ್ಯವೇ ಕುಗ್ಗಿದೆ.

ನನ್ನದು ಮೂರನೆಯದು. ಉಳಿದ ಮೂರೂ 3.2ರ ಆಸುಪಾಸಿನಲ್ಲಿದ್ದಾಗ ಮೂರನೇ ಜೋಡಿ 2.5ಕ್ಕೆ ಇಳಿದು ಬಿಎಂಎಸ್ ಕಟ್ ಮಾಡಿತು. ಪಟ್ಟಿ ಕತ್ತರಿಸಿ ಎರಡೂ ಸೆಲ್‌ಗಳನ್ನು ಕೆಪಾಸಿಟಿ ಟೆಸ್ಟರ್‌ಗೆ ಹಾಕಿದೆ. ಒಂದು 5.6 ಕೊಟ್ಟಿತು, ಇನ್ನೊಂದು ಬರೀ 1.3.

ಬದಲಿಸುವಾಗ ಅದೇ ಜಾತಿಯ, ಅದೇ ಸಾಮರ್ಥ್ಯದ ಸೆಲ್ ಹಾಕಿ. 4.2 ವೋಲ್ಟ್‌ಗೆ ಚಾರ್ಜ್ ಆಗುವ ಲ್ಯಾಪ್‌ಟಾಪ್ ಸೆಲ್ ಬೆರೆಸಬೇಡಿ. ಜೋಡಿಸುವ ಮೊದಲು ಎಲ್ಲವನ್ನೂ 3.65ಕ್ಕೆ ತುಂಬಿಸಿಕೊಳ್ಳಿ. ಸೆಲ್ ಮೇಲೆ ನೇರ ಸೋಲ್ಡರ್ ಬೇಡ, ಸ್ಪಾಟ್ ವೆಲ್ಡ್ ಮಾಡಿಸಿ. ಉಂಗುರ, ಬಳೆ ತೆಗೆದಿಟ್ಟು ಕೆಲಸಕ್ಕೆ ಕೂರಿ. ಉಬ್ಬಿದ, ವಾಸನೆ ಬರುವ ಸೆಲ್ ಮತ್ತೆ ಚಾರ್ಜ್ ಮಾಡೋ ಆಸೆ ಬೇಡ. ಹಳೆಯ ಲೆಡ್ ಆಸಿಡ್ ಚಾರ್ಜರ್ ಕೂಡ ಇದಕ್ಕೆ ಸಲ್ಲದು, 14.6 ವೋಲ್ಟ್‌ನ ಲಿಥಿಯಂ ಚಾರ್ಜರ್ ಬೇಕು.

ಕೆಟ್ಟ ಸೆಲ್ ತಿಪ್ಪೆಗೆ ಎಸೆಯಬೇಡಿ, ಅದೇ ಗೊಬ್ಬರ ನಾಳೆ ಹೊಲಕ್ಕೆ ಹೋಗುತ್ತದೆ. ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ನಾಲ್ಕು ದಿನ ತಡವಾದರೂ ಉಳಿದ ಅರ್ಧ ತಾಕಿಗೆ ಸಿಂಪಡಣೆ ಆಯ್ತು. ಆ ಕಡೆಯ ಗಿಡಗಳಲ್ಲಿ ಮುಟುರು ಸ್ವಲ್ಪ ಜಾಸ್ತಿಯೇ ಇದೆ. ಹಾಗಾಗಿ ಸೀಸನ್ ಶುರುವಾಗುವ ಮುಂಚೆಯೇ ಒಮ್ಮೆ ನೀರು ತುಂಬಿ ಓಡಿಸಿ, ಅಳೆದು ನೋಡಿಬಿಡಿ.