ತೆರೆದ ಅಡುಗೆಮನೆಯ ಲಾಭ: ಮಾವಳ್ಳಿಯ ಮಯ್ಯರ ಹೋಟೆಲ್ ನೀತಿ

ಪದಾರ್ಥಗಳ ಬೆಲೆ ಏರಿದಾಗ ಹೋಟೆಲ್ ಮಾಲೀಕರ ಮುಂದೆ ಸಾಮಾನ್ಯವಾಗಿ ಎರಡು ಮಾರ್ಗಗಳಿರುತ್ತವೆ. ತಿಂಡಿಯ ದರವನ್ನು ಹೆಚ್ಚಿಸುವುದು ಒಂದು. ತುಪ್ಪ, ಬೇಳೆ, ಕಾಫಿಪುಡಿಗಳ ಗುಣಮಟ್ಟವನ್ನು ಇಳಿಸುವುದು ಇನ್ನೊಂದು. ದರ ಹೆಚ್ಚಿಸಲು ಕಾನೂನೇ ಅಡ್ಡಬಂದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ಎದುರಿಸಿ ಉಳಿದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ (ಎಂ.ಟಿ.ಆರ್.) ಸಂಸ್ಥೆಯ ಇತಿಹಾಸವು ನಮ್ಮ ಹೋಟೆಲ್ ಉದ್ಯಮಿಗಳಿಗೆ ಅಧ್ಯಯನಯೋಗ್ಯವಾಗಿದೆ.

ಇಂದಿನ ಉಡುಪಿ ಜಿಲ್ಲೆಯ ಕೋಟ ಸಮೀಪದ ಪರಂಪಳ್ಳಿಯ ಮಯ್ಯ ಸಹೋದರರು ಅಡುಗೆ ವೃತ್ತಿಯನ್ನು ನಂಬಿ ಬೆಂಗಳೂರಿಗೆ ಬಂದವರು. 1924ರಲ್ಲಿ ಅವರು ಲಾಲ್‌ಬಾಗ್ ಬಳಿ ‘ಬ್ರಾಹ್ಮಣರ ಕಾಫಿ ಕ್ಲಬ್’ ಎಂಬ ಚಿಕ್ಕ ಉಪಾಹಾರ ಗೃಹವನ್ನು ತೆರೆದರು. ಮುಂದೆ ಅದರ ಹೊಣೆ ಹೊತ್ತ ಯಜ್ಞನಾರಾಯಣ ಮಯ್ಯರು ರುಚಿಯಷ್ಟೇ ಶುಚಿಗೂ ಪ್ರಾಧಾನ್ಯ ನೀಡಿದರು. 1951ರಲ್ಲಿ ಯೂರೋಪ್ ಪ್ರವಾಸ ಕೈಗೊಂಡು ಅಲ್ಲಿನ ಹೋಟೆಲುಗಳ ಕಾರ್ಯವಿಧಾನವನ್ನು ಕಣ್ಣಾರೆ ಕಂಡುಬಂದ ಅವರು, ಲೋಟ, ಚಮಚಗಳನ್ನು ಹಬೆಯಲ್ಲಿ ಶುದ್ಧೀಕರಿಸುವ ಕ್ರಮವನ್ನು ತಮ್ಮಲ್ಲಿ ಜಾರಿಗೆ ತಂದರು. ಗಿರಾಕಿಗಳು ಅಡುಗೆಮನೆಯನ್ನು ನೋಡಲು ಅವಕಾಶವಿತ್ತು. 1960ರಲ್ಲಿ ಸಂಸ್ಥೆಯು ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದು ಇಂದಿನ ಹೆಸರನ್ನು ಪಡೆಯಿತು.

ಅಭಾವವನ್ನು ಎದುರಿಸುವ ಜಾಣ್ಮೆಯೂ ಈ ಅಡುಗೆಮನೆಯಲ್ಲಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆ ಇಡ್ಲಿಯನ್ನು ರೂಪಿಸಿದವರು ತಾವೇ ಎಂದು ಸಂಸ್ಥೆ ಹೇಳಿಕೊಂಡಿದೆ. ಹುರಿದ ರವೆಗೆ ಮೊಸರು, ಸೋಡಾ, ಒಗ್ಗರಣೆ ಬೆರೆಸಿ ಹಬೆಯಲ್ಲಿ ಬೇಯಿಸುವ ಈ ತಿಂಡಿಗೆ ನೆನೆಸುವ, ರುಬ್ಬುವ, ರಾತ್ರಿಯಿಡೀ ಹುದುಗಿಸುವ ಅಗತ್ಯವಿಲ್ಲ. ಈ ಗುಣವು ಮುಂದೆ ಬೇರೊಂದು ರೀತಿಯಲ್ಲಿ ಉಪಯೋಗಕ್ಕೆ ಬಂದಿತು.

1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯ ಅವಧಿಯಲ್ಲಿ ಹೋಟೆಲ್ ತಿಂಡಿಗಳ ದರವನ್ನು ಸರ್ಕಾರ ತಗ್ಗಿಸಿ ನಿಗದಿಪಡಿಸಿತು. ಆ ವೇಳೆಗೆ ಸಂಸ್ಥೆಯ ಆಡಳಿತ ಮುಂದಿನ ತಲೆಮಾರಿನ ಕೈಯಲ್ಲಿತ್ತು. ನಿಗದಿತ ದರದಲ್ಲಿ ಹಳೆಯ ಗುಣಮಟ್ಟವನ್ನು ಕಾಯ್ದುಕೊಂಡರೆ ನಷ್ಟ. ಗುಣಮಟ್ಟ ಇಳಿಸಿದರೆ ಹೆಸರಿಗೆ ಕುಂದು. ಮಯ್ಯ ಕುಟುಂಬವು ಎರಡನೆಯದಕ್ಕೆ ಒಪ್ಪದೆ ಹೋಟೆಲನ್ನೇ ಮುಚ್ಚಿತು. ಕೆಲಸಗಾರರನ್ನು ಕೈಬಿಡದಿರಲು ರವೆ ಇಡ್ಲಿಯಂಥ ತಿಂಡಿಗಳ ಸಿದ್ಧ ಮಿಶ್ರಣ ಹಾಗೂ ಮಸಾಲೆ ಪುಡಿಗಳ ತಯಾರಿಕೆಗೆ ಕೈಹಾಕಿತು. ಕೆಲವು ವರ್ಷಗಳ ಬಳಿಕ ಹೋಟೆಲೂ ಮತ್ತೆ ತೆರೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪೊಟ್ಟಣ ಕೊಳ್ಳುವ ಗೃಹಿಣಿಗೆ ಅದರ ತಯಾರಿಕೆಯನ್ನು ನೋಡುವ ಅವಕಾಶವಿರುವುದಿಲ್ಲ. ಆಕೆ ಹೆಸರನ್ನು ನಂಬಿ ಹಣ ಕೊಡುತ್ತಾಳೆ. ಹೊಸ ವ್ಯಾಪಾರಕ್ಕೆ ಬೇಕಾಗಿದ್ದ ಆ ನಂಬಿಕೆಯನ್ನು ಹಳೆಯ ಹೋಟೆಲಿನ ತೆರೆದ ಅಡುಗೆಮನೆ ದಶಕಗಳ ಹಿಂದೆಯೇ ಗಳಿಸಿಟ್ಟಿತ್ತು. ನಷ್ಟದ ದಿನಗಳಲ್ಲಿ ಕಲಬೆರಕೆಗೆ ಇಳಿದಿದ್ದರೆ ಪೊಟ್ಟಣದ ಮೇಲಿನ ಹೆಸರಿಗೆ ಬೆಲೆಯಿರುತ್ತಿರಲಿಲ್ಲ. 2007ರಲ್ಲಿ ಈ ಸಿದ್ಧ ಆಹಾರ ಉದ್ಯಮವನ್ನು ನಾರ್ವೆ ದೇಶದ ಆರ್ಕ್ಲಾ ಸಂಸ್ಥೆ ಖರೀದಿಸಿತು. ಹೋಟೆಲುಗಳು ಮಾತ್ರ ಮಯ್ಯ ಕುಟುಂಬದಲ್ಲೇ ಉಳಿದು ಸಿಂಗಪುರ, ಲಂಡನ್‌ಗಳವರೆಗೂ ಶಾಖೆಗಳನ್ನು ತೆರೆದವು.

ಶುಚಿತ್ವಕ್ಕೂ ಉತ್ತಮ ಪದಾರ್ಥಕ್ಕೂ ಮಾಡುವ ವೆಚ್ಚವನ್ನು ನಮ್ಮ ಸಣ್ಣ ಹೋಟೆಲುಗಳು ದಿನದ ಖರ್ಚಿನ ಬಾಬ್ತಿನಲ್ಲಿ ಬರೆದು, ಕಷ್ಟ ಬಂದಾಗ ಮೊದಲು ಅದಕ್ಕೇ ಕತ್ತರಿ ಹಾಕುವುದುಂಟು. ಅದನ್ನು ಬಂಡವಾಳವೆಂದು ಪರಿಗಣಿಸುವುದೇ ಲೇಸೆಂಬುದಕ್ಕೆ ಮಾವಳ್ಳಿಯ ಅನುಭವ ಸಾಕ್ಷಿಯಾಗಿದೆ.