ಅಳೆಯುವ ಕೋಲು ನೆಟ್ಟಗಿರಬೇಕು

ಬಡ ದೇಶಗಳಲ್ಲಿ ಉದ್ಯಮವೇಕೆ ಬೆಳೆಯದು? 1983ರಲ್ಲಿ ಪೆರುವಿನ ಅರ್ಥಶಾಸ್ತ್ರಜ್ಞ ಹೆರ್ನಾಂಡೋ ಡಿ ಸೋಟೊ ಅವರ ಸಂಶೋಧಕರು, ಲಿಮಾ ನಗರದಲ್ಲಿ ಸಣ್ಣದೊಂದು ಉಡುಪು ಘಟಕವನ್ನು ನೋಂದಾಯಿಸಲೆಂದು ಕಚೇರಿಯಿಂದ ಕಚೇರಿಗೆ ಅಲೆದರು. ಹಿಡಿದ ಕಾಲ 289 ದಿನ! ಬಡವರಿಗೆ ಕೊರತೆಯಾದುದು ದುಡಿಮೆಯಲ್ಲ, ದಾರಿ ಎಂಬುದು ಆಗ ಸ್ಪಷ್ಟವಾಯಿತು.

ಇಂಥ ಅಳತೆಯನ್ನು ವಿಶ್ವಬ್ಯಾಂಕು 2003ರಿಂದ ‘ಡೂಯಿಂಗ್ ಬಿಸಿನೆಸ್’ ವರದಿಗಳ ಮೂಲಕ ಅನೇಕ ದೇಶಗಳಿಗೆ ವಿಸ್ತರಿಸಿತು. ಆದರೆ ಅಳತೆಗೊಳಗಾದ ದೇಶಗಳೇ ಬ್ಯಾಂಕಿನ ಪಾಲುದಾರರೂ ಆಗಿದ್ದವು. 2018 ಹಾಗೂ 2020ರ ವರದಿಗಳ ಅಂಕಿಅಂಶಗಳಲ್ಲಿ ಅಕ್ರಮ ಕಂಡುಬಂದು, 2021ರಲ್ಲಿ ಆ ವರದಿಯೇ ನಿಂತಿತು.

ಸಂಶೋಧನೆಗೆ ಧನಸಹಾಯ ಬೇಕು. ಧನವಿತ್ತವರ ಕೈ ಫಲಿತಾಂಶವನ್ನು ಮುಟ್ಟಬಾರದು. ವಿದ್ಯಾರ್ಥಿಗಳೇ, ಯಾವುದೇ ಅಂಕಿಯನ್ನು ಒಪ್ಪುವ ಮುನ್ನ ಅಳೆದವರಾರು, ಹಣವಿತ್ತವರಾರು ಎಂದು ಕೇಳಿರಿ.