ಮುಖದ ರೋಮನಿವಾರಣೆ: ಯಂತ್ರಕ್ಕಿಂತ ಕೈ ಮುಖ್ಯ



ಇಂದಿನ ವಿಷಯ ಸಭೆಯಲ್ಲಿ ಬಹಿರಂಗವಾಗಿ ಚರ್ಚಿಸುವಂಥದಲ್ಲವೆಂದು ಕೆಲವರಿಗೆ ಅನ್ನಿಸಬಹುದು. ಹೆಣ್ಣುಮಕ್ಕಳ ಗದ್ದದ ಮೇಲೆ, ಮೇಲ್ದುಟಿಯ ಮೇಲೆ ಬೆಳೆಯುವ ಒರಟು ಕೂದಲನ್ನು ಅನೇಕರು ರೋಗವೆಂದೇ ಎಣಿಸುವುದಿಲ್ಲ. ಆದರೆ ಅದನ್ನು ಮರೆಮಾಚಲು ಅವರು ಪಡುವ ಸಂಕಟವನ್ನು ವೈದ್ಯರಾದ ನಾವು ಬಲ್ಲೆವು. ಬೇರೆ ಕಾಯಿಲೆಗಳನ್ನೆಲ್ಲ ಹೇಳಿ ಮುಗಿಸಿ, ಬಾಗಿಲ ಬಳಿ ಹೋದ ಮೇಲೆ ತಿರುಗಿ ಬಂದು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಇದು. ಬರ್ ದುಬೈ, ಕರಾಮಾ, ಅಬುಧಾಬಿಯ ಹಮ್ದಾನ್ ರಸ್ತೆಗಳಲ್ಲಿ ಸೌಂದರ್ಯ ಕೇಂದ್ರಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಯಾವುದನ್ನು ನಂಬಬೇಕೆಂಬುದೇ ಕಷ್ಟ.

ಮೊದಲು ಕೂದಲು ಏಕೆ ಬೆಳೆಯುತ್ತಿದೆ ಎಂಬುದನ್ನು ತಿಳಿಯಬೇಕು. ಕೆಲವು ಮನೆತನಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುತ್ತದೆ. ಮುಟ್ಟು ನಿಂತ ವಯಸ್ಸಿನಲ್ಲಿಯೂ ಕಾಣಿಸಿಕೊಳ್ಳುತ್ತದೆ. ಮುಟ್ಟಿನ ಏರುಪೇರು, ಮೊಡವೆ, ತೂಕದ ಹೆಚ್ಚಳಗಳೂ ಜೊತೆಗಿದ್ದರೆ ಅಂಡಾಶಯದ ಪಿಸಿಓಎಸ್ ಎಂಬ ತೊಂದರೆಯನ್ನು ಶಂಕಿಸಬೇಕು. ಷಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಇದನ್ನು 1935ರಲ್ಲಿಯೇ ವಿವರಿಸಿದ್ದರು. ಕೆಲವೇ ತಿಂಗಳಲ್ಲಿ ಕೂದಲು ದಟ್ಟವಾಗಿ, ದನಿಯೂ ಗಡುಸಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಅಂಡಾಶಯದಲ್ಲೋ ಅಡ್ರಿನಲ್ ಗ್ರಂಥಿಯಲ್ಲೋ ಗೆಡ್ಡೆ ಇರುವ ಸಂಭವವುಂಟು. ಕಾರಣವನ್ನು ಬಿಟ್ಟು ಕೂದಲನ್ನಷ್ಟೇ ತೆಗೆಸುವುದು ಬೇರಿಗೆ ನೀರೆರೆಯುತ್ತ ಎಲೆ ಕೊಯ್ದಂತೆ.

ಇನ್ನು ಚಿಕಿತ್ಸೆ. ಎಲೆಕ್ಟ್ರಾಲಿಸಿಸ್ ಹೊಸ ವಿದ್ಯೆಯಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದ ನೇತ್ರವೈದ್ಯ ಚಾರ್ಲ್ಸ್ ಮಿಷೆಲ್, ಕಣ್ಣಿನೊಳಕ್ಕೆ ಬಾಗಿ ಚುಚ್ಚುವ ರೆಪ್ಪೆಗೂದಲನ್ನು ಈ ವಿಧಾನದಿಂದ ತೆಗೆದ ಬಗೆಯನ್ನು 1875ರಲ್ಲಿ ಪ್ರಕಟಿಸಿದರು. ಕೂದಲಿನಷ್ಟೇ ಸಣ್ಣ ಸೂಜಿಯನ್ನು ರೋಮಕೂಪದೊಳಗೆ ಇಳಿಸಿ ವಿದ್ಯುತ್ತನ್ನು ಹರಿಸಲಾಗುತ್ತದೆ. ಗಾಲ್ವಾನಿಕ್ ವಿಧಾನದಲ್ಲಿ ಅಲ್ಲಿಯ ಉಪ್ಪು ನೀರುಗಳಿಂದ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಹುಟ್ಟಿ ಬೇರನ್ನು ನಾಶಮಾಡುತ್ತದೆ. ಥರ್ಮಾಲಿಸಿಸ್‌ನಲ್ಲಿ ಶಾಖ ಆ ಕೆಲಸ ಮಾಡುತ್ತದೆ. ಇವೆರಡರ ಮಿಶ್ರಣಕ್ಕೆ ಬ್ಲೆಂಡ್ ಎಂದು ಹೆಸರು.

ಲೇಸರ್ ಇರುವಾಗ ಇದೇಕೆ ಎಂದು ಕೇಳಬಹುದು. ಲೇಸರ್ ಕೂದಲಿನ ಕಪ್ಪು ಬಣ್ಣವನ್ನು ಗುರಿಯಾಗಿಸುತ್ತದೆ. ಆದ್ದರಿಂದ ಬಿಳಿಗೂದಲಿಗೆ ಅದು ನಿಷ್ಪ್ರಯೋಜಕ. ನಮ್ಮಂಥ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಸರಿಯಾದ ಬಗೆಯ ಲೇಸರ್ ಬಳಸದಿದ್ದರೆ ಸುಟ್ಟ ಕಲೆಗಳಾಗುತ್ತವೆ. ಕೆಲವರಿಗೆ ಮುಖದ ನವಿರು ಕೂದಲು ಲೇಸರ್‌ನಿಂದಲೇ ದಪ್ಪಗಾಗುವುದೂ ಉಂಟು. ವಿಸ್ತಾರವಾದ ಜಾಗಕ್ಕೆ ಲೇಸರ್ ಅನುಕೂಲ; ಗದ್ದದ ಬಿಡಿ ಕೂದಲಿಗೂ ಬಿಳಿಗೂದಲಿಗೂ ಎಲೆಕ್ಟ್ರಾಲಿಸಿಸ್ ಮೇಲು.

ಆದರೆ ಇದರ ಯಶಸ್ಸು ಕೈಚಳಕವನ್ನು ಅವಲಂಬಿಸಿದೆ. ಕೂದಲು ಯಾವ ಕೋನದಲ್ಲಿ ಹೊರಟಿದೆಯೋ ಅದೇ ಕೋನದಲ್ಲಿ, ಬೇರಿನ ಆಳಕ್ಕೆ ಸೂಜಿ ಇಳಿಯಬೇಕು. ಆಳ ಸಾಲದೆ ಹೋದರೆ ಚರ್ಮದ ಮೇಲ್ಪದರ ಸುಟ್ಟು ಗುಳಿ ಬೀಳುತ್ತದೆ. ಹೆಚ್ಚಾದರೆ ರಕ್ತ ಬರುತ್ತದೆ. ವಿದ್ಯುತ್ತು ಸಾಲದಿದ್ದರೆ ಚಿಮಟದಿಂದ ಕಿತ್ತಷ್ಟೇ ಫಲ. ಬೇರು ಹೇಗೆ ಶಾಶ್ವತವಾಗಿ ನಾಶವಾಗುತ್ತದೆಯೋ, ಕೆಟ್ಟ ಕೈಯಿಂದಾದ ಗುಳಿಯೂ ಹಾಗೆಯೇ ಉಳಿದುಬಿಡುತ್ತದೆ.

ಆದಕಾರಣ ಹಣ ಕಟ್ಟುವ ಮುನ್ನ ಈ ಅಂಶಗಳನ್ನು ಪರೀಕ್ಷಿಸಬೇಕು:

1. ಕೇಂದ್ರಕ್ಕೂ ಚಿಕಿತ್ಸಕರಿಗೂ ಯಾವ ಪರವಾನಗಿ ಇದೆ? ಆಸ್ಪತ್ರೆ, ಕ್ಲಿನಿಕ್‌ಗಳು ದುಬೈಯಲ್ಲಿ ದುಬೈ ಹೆಲ್ತ್ ಅಥಾರಿಟಿಯ, ಅಬುಧಾಬಿಯಲ್ಲಿ ಡಿಪಾರ್ಟ್‌ಮೆಂಟ್ ಆಫ್ ಹೆಲ್ತ್‌ನ ಹತೋಟಿಯಲ್ಲಿವೆ. ಸಲೂನಿಗೆ ವ್ಯಾಪಾರದ ಪರವಾನಗಿ ಇದ್ದ ಮಾತ್ರಕ್ಕೆ ಈ ಚಿಕಿತ್ಸೆಗೆ ಅನುಮತಿಯಿದೆ ಎಂದುಕೊಳ್ಳಬಾರದು.

2. ಎಲ್ಲಿ, ಎಷ್ಟು ಕಾಲ ತರಬೇತಿ? ವಾರಾಂತ್ಯದ ಶಿಬಿರದಲ್ಲಿ ಕಲಿಯುವ ವಿದ್ಯೆ ಇದಲ್ಲ. ನಮ್ಮ ಮೈಬಣ್ಣದವರಿಗೆ ಚಿಕಿತ್ಸೆ ನೀಡಿದ ಅನುಭವವಿದೆಯೇ ಎಂದೂ ಕೇಳಬೇಕು.

3. ಪ್ರತಿಯೊಬ್ಬರಿಗೂ ಹೊಸ ಸೂಜಿಯ ಪೊಟ್ಟಣವನ್ನು ಕಣ್ಣೆದುರಿಗೇ ಒಡೆಯುತ್ತಾರೆಯೇ? ಚಿಮಟಗಳು ಆಟೋಕ್ಲೇವ್‌ನಲ್ಲಿ ಶುದ್ಧಿಗೊಂಡಿವೆಯೇ? ಹೆಪಟೈಟಿಸ್ ಬಿ ಸೋಂಕಿಗೆ ಒಂದು ಹನಿ ರಕ್ತವೂ ಬೇಕಿಲ್ಲ.

4. ನಿಮ್ಮ ಆರೋಗ್ಯವನ್ನು ವಿಚಾರಿಸುತ್ತಾರೆಯೇ? ಹೃದಯದ ಪೇಸ್‌ಮೇಕರ್, ಗರ್ಭಧಾರಣೆ, ಮೊಡವೆಗಾಗಿ ಸೇವಿಸುವ ಐಸೋಟ್ರೆಟಿನಾಯಿನ್ ಗುಳಿಗೆ, ಗಾಯಗಳು ಗಡ್ಡೆಗಟ್ಟುವ ಕೀಲಾಯ್ಡ್ ಪ್ರವೃತ್ತಿ, ಇವನ್ನು ಕೇಳದವರನ್ನು ಬಿಟ್ಟುಬಿಡಿ.

5. ಮೊದಲು ಕಿವಿಯ ಬಳಿ ನಾಲ್ಕಾರು ಕೂದಲಿನ ಮೇಲೆ ಪ್ರಯೋಗ ಮಾಡಿ ಕೆಲವು ವಾರ ಕಾಯಲು ಒಪ್ಪುತ್ತಾರೆಯೇ? ನಮ್ಮ ಚರ್ಮದಲ್ಲಿ ಕಪ್ಪು ಕಲೆ ತಡವಾಗಿ ಮೂಡುತ್ತದೆ.

ಚಿಕಿತ್ಸೆಯ ನಡುವೆ ನೀವೇ ಗಮನಿಸಬಹುದಾದ ಒಂದು ಗುರುತಿದೆ. ಬಿಸಿ, ಚುರುಗುಟ್ಟುವಿಕೆ ಸಹಜ. ಆದರೆ ಕೂದಲು ಎಳೆತವಿಲ್ಲದೆ ಜಾರಿ ಬರಬೇಕು. ಪ್ರತಿ ಕೂದಲನ್ನೂ ಕಿತ್ತ ಅನುಭವವಾದರೆ ಬೇರು ಸತ್ತಿಲ್ಲವೆಂದು ತಿಳಿಯಿರಿ.

ಊರಿನಲ್ಲಿ ಮದುವೆ ಗೊತ್ತಾದ ಮೇಲೆ, ಎರಡು ತಿಂಗಳಲ್ಲಿ ಎಲ್ಲ ಮುಗಿಯಬೇಕೆಂದು ತಾಯಂದಿರು ಅವಸರಪಡುತ್ತಾರೆ. ಅದು ಸಾಧ್ಯವಿಲ್ಲ. ಎಲ್ಲ ಕೂದಲೂ ಒಂದೇ ಕಾಲಕ್ಕೆ ಬೆಳೆಯುವುದಿಲ್ಲ. ಕೆಲವು ಬೆಳೆಯುತ್ತಿದ್ದರೆ ಕೆಲವು ವಿಶ್ರಾಂತಿಯಲ್ಲಿರುತ್ತವೆ. ಆದ್ದರಿಂದ ವರ್ಷ, ಒಂದೂವರೆ ವರ್ಷ ಹಿಡಿಯುವುದು ಸಾಮಾನ್ಯ. ಈ ಅವಧಿಯಲ್ಲಿ ಥ್ರೆಡಿಂಗ್, ವ್ಯಾಕ್ಸಿಂಗ್ ಬೇಡ. ಅಗತ್ಯವಿದ್ದರೆ ಕತ್ತರಿಯಿಂದ ಕತ್ತರಿಸಿಕೊಳ್ಳಬಹುದು. ಇಲ್ಲಿಯ ಬಿಸಿಲಂತೂ ಕಲೆಗಳ ಮಿತ್ರ. ಚಿಕಿತ್ಸೆಯಾದ ಮೇಲೆ ಕೆಲವು ದಿನ ಕಡಲತೀರ, ಈಜುಕೊಳ ತಪ್ಪಿಸಿ ಸನ್‌ಸ್ಕ್ರೀನ್ ಬಳಸಬೇಕು. ಹುರುಪನ್ನು ಕೀಳಬಾರದು, ಕೆಂಪಾದ ಜಾಗಕ್ಕೆ ಅರಿಶಿನ, ನಿಂಬೆರಸಗಳನ್ನು ಹಚ್ಚಬಾರದು.

ಕೊನೆಯದಾಗಿ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಹದಿನಾರರ ಹುಡುಗಿ ಇದನ್ನು ನಿಮ್ಮೆದುರು ಹೇಳಿಕೊಂಡರೆ ನಗಬೇಡಿ, ಮದುವೆಯ ಮಾತೆತ್ತಿ ಹೆದರಿಸಲೂಬೇಡಿ. ಅವಳನ್ನು ಮೊದಲು ವೈದ್ಯರ ಬಳಿ ಕರೆದೊಯ್ಯಿರಿ. ಸೌಂದರ್ಯ ಕೇಂದ್ರದ ವಿಳಾಸವನ್ನು ಅನಂತರ ಹುಡುಕಬಹುದು.